ಹಾಲಿನ ಲೆಕ್ಕದ ಪುಟ ತೆರೆಯಲು 40 ಸೆಕೆಂಡ್ ಏಕೆ?

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಪೈಥಾನ್‌ನಲ್ಲಿ ವೆಬ್ ಆ್ಯಪ್ ಮಾಡಿಕೊಟ್ಟಿದ್ದೇನೆ. ವೆಬ್ ಚೌಕಟ್ಟಾಗಿ ಫ್ಲಾಸ್ಕ್, ಡೇಟಾಬೇಸ್ ಆಗಿ ಎಸ್‌ಕ್ಯೂಲೈಟ್, ಅವೆರಡರ ನಡುವೆ ಎಸ್‌ಕ್ಯೂಎಲ್‌ಆಲ್ಕೆಮಿ ಬಳಸಿದ್ದೇನೆ. 125 ಸದಸ್ಯರು, ದಿನಕ್ಕೆ ಎರಡು ಹೊತ್ತು, ಎರಡು ವರ್ಷದ ಲೆಕ್ಕ. ಒಟ್ಟು 1,82,500 ಸಾಲು. ಪುಟದ ಎಚ್‌ಟಿಎಂಎಲ್ ಬರೆಯುವ ಜಿಂಜಾ ಟೆಂಪ್ಲೇಟಿನ ಲೂಪಿನಲ್ಲಿ ಇಡೀ ಟೇಬಲ್ ಬರೆದು, ಹುಡುಕುವ, ಜೋಡಿಸುವ, ಪುಟ ತಿರುಗಿಸುವ ಸೌಕರ್ಯ ಕೊಡುವ ಡೇಟಾಟೇಬಲ್ಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು ಅದರ ಮೇಲೆ ಹಾಕಿದ್ದೇನೆ. ಪುಟ ತೆರೆಯಲು 40 ಸೆಕೆಂಡ್ ಬೇಕು, ಫೋನಿನಲ್ಲಿ ತೆರೆಯುವುದೇ ಇಲ್ಲ. ಕನ್ನಡದ ಕೆಲವು ಹೆಸರುಗಳು ಟೇಬಲ್‌ನಲ್ಲಿ ಕಣ್ಣಿಗೆ ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ. ಅಕ್ಷರಕ್ರಮವೂ ಸರಿಯಿಲ್ಲ. ‘ರೂ. 1,025’ ಎಂಬುದು ‘ರೂ. 98’ಕ್ಕಿಂತ ಮೊದಲು ಬರುತ್ತದೆ. ತಪ್ಪು ನಮೂದನ್ನು ಟೇಬಲ್‌ನಲ್ಲೇ ತಿದ್ದುವಂತಿರಬೇಕು, ಎಕ್ಸೆಲ್‌ಗೂ ಇಳಿಸುವಂತಿರಬೇಕು ಎಂದು ಕಾರ್ಯದರ್ಶಿಗಳು ಕೇಳುತ್ತಿದ್ದಾರೆ. ಸ್ಟ್ರೀಮ್‌ಲಿಟ್ ಅಥವಾ ಡ್ಯಾಶ್ ಎಂಬ ಬೇರೆ ಪೈಥಾನ್ ಚೌಕಟ್ಟಿಗೆ ಬದಲಾಯಿಸಿದರೆ ಇದೆಲ್ಲ ಸರಿಹೋಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ. ಬದಲಾಯಿಸಬೇಡಿ. ಸ್ಟ್ರೀಮ್‌ಲಿಟ್‌ಗೆ ಡೇಟಾಫ್ರೇಮ್ ಕೊಟ್ಟರೆ ಅದು ಇಡೀ ಡೇಟಾವನ್ನು ಬ್ರೌಸರಿಗೆ ಸಾಗಿಸುತ್ತದೆ. ಡ್ಯಾಶ್‌ನ ಟೇಬಲ್ಲೂ ಮೊದಲ ಸ್ಥಿತಿಯಲ್ಲಿ, ಅಂದರೆ ನಾವೇನೂ ಬದಲಿಸದಿದ್ದಾಗ, ಅದನ್ನೇ ಮಾಡುತ್ತದೆ. ಪುಟ ತಿರುಗಿಸುವ ಕೆಲಸವನ್ನು ‘ಕಸ್ಟಮ್’ ಎಂದು ಬದಲಿಸಬಹುದು, ಆದರೆ ಆಗ ಸಾಲುಗಳನ್ನು ಆರಿಸಿ ಕೊಡುವ ಕೋಡನ್ನು ನೀವೇ ಬರೆಯಬೇಕು. ನಿಮ್ಮ ಫ್ಲಾಸ್ಕ್ ಆ್ಯಪಿಗೆ ಈಗ ಬೇಕಿರುವುದೂ ಅದೇ ಕೋಡು. ಹೊಸ ಮನೆಗೆ ಹೋದರೂ ಒಲೆ ಹಚ್ಚುವ ಕೆಲಸ ತಪ್ಪುವುದಿಲ್ಲ.

ಆ 40 ಸೆಕೆಂಡ್ ಎಲ್ಲಿ ಹೋಗುತ್ತಿದೆ ನೋಡಿ. ಸಾಲಿಗೆ ಒಂಬತ್ತು ಕಾಲಂ ಎಂದುಕೊಂಡರೆ ಸೆಲ್‌ಗಳೇ 16,42,500 ಆಗುತ್ತವೆ. ಸಾಲುಗಳನ್ನೂ ಸೇರಿಸಿದರೆ ಬ್ರೌಸರ್ 18,25,000 ಎಲಿಮೆಂಟ್‌ಗಳನ್ನು ಕಟ್ಟಿ ನೆನಪಿನಲ್ಲಿಟ್ಟುಕೊಳ್ಳಬೇಕು. ಸಾಲಿಗೆ 250 ಬೈಟ್ ಎಂದು ಕಡಿಮೆ ಹಿಡಿದರೂ ಎಚ್‌ಟಿಎಂಎಲ್ 45 ಎಂಬಿ ದಾಟುತ್ತದೆ. ಅದಕ್ಕೂ ಮೊದಲು ಎಸ್‌ಕ್ಯೂಎಲ್‌ಆಲ್ಕೆಮಿ 1,82,500 ಆಬ್ಜೆಕ್ಟ್‌ಗಳನ್ನು ಸೃಷ್ಟಿಸಿರುತ್ತದೆ, ಜಿಂಜಾ ಅಷ್ಟೂ ಸಾಲನ್ನು ಅಕ್ಷರವಾಗಿ ಬರೆದಿರುತ್ತದೆ. ಇಷ್ಟೆಲ್ಲ ಆದಮೇಲೆ ಡೇಟಾಟೇಬಲ್ಸ್ ಪ್ರತಿ ಸೆಲ್ಲನ್ನೂ ಮತ್ತೆ ಓದಿ 10 ಸಾಲು ತೋರಿಸಿ ಉಳಿದದ್ದನ್ನು ಬಚ್ಚಿಡುತ್ತದೆ. ಕಡಿಮೆ ರ‍್ಯಾಮ್ ಇರುವ ಫೋನು ಇದರ ನಡುವೆಯೇ ಕೈಚೆಲ್ಲುತ್ತದೆ.

ನಾಲ್ಕೈದು ಸಾವಿರ ಸಾಲಿನವರೆಗೆ ಈ ವಿಧಾನ ಚೆನ್ನಾಗಿಯೇ ನಡೆಯುತ್ತದೆ, ಅಲ್ಲಿ ಏನನ್ನೂ ಬದಲಿಸಬೇಕಿಲ್ಲ. ಲಕ್ಷ ದಾಟಿದ ಮೇಲೆ ಟೇಬಲ್ ಎಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ (ಕ್ವೆರಿ) ಎಂದೇ ತಿಳಿಯಿರಿ. ಪುಟ ತಿರುಗಿಸಿದರೆ, ಕಾಲಂ ತಲೆ ಒತ್ತಿದರೆ, ಒಂದಕ್ಷರ ಟೈಪಿಸಿದರೆ ಹೊಸದೊಂದು ಪ್ರಶ್ನೆ ಹೋಗಬೇಕು, 50 ಸಾಲಿನ ಉತ್ತರ ಬರಬೇಕು. ಇನ್ನು ಮುಂದೆ ಕೋಡಿನ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ.

ಬ್ರೌಸರ್ ಏನು ಕೇಳುತ್ತದೆ, ಸರ್ವರ್ ಏನು ಕೊಡಬೇಕು

ಟೆಂಪ್ಲೇಟಿನಲ್ಲಿ ಟೇಬಲ್‌ನ ತಲೆಸಾಲು ಮಾತ್ರ ಉಳಿಸಿ, ಲೂಪನ್ನು ತೆಗೆದುಹಾಕಿ. ಡೇಟಾಟೇಬಲ್ಸ್‌ನಲ್ಲಿ ‘ಸರ್ವರ್‌ಸೈಡ್’ ಆಯ್ಕೆಯನ್ನು ‘ಟ್ರೂ’ ಮಾಡಿ, ‘ಪೇಜ್‌ಲೆಂಗ್ತ್’ 50 ಇಡಿ. ಮೊದಲ ಸ್ಥಿತಿಯಲ್ಲಿ ಅದು ಎಲ್ಲವನ್ನೂ ವಿಳಾಸದ ಸಾಲಿಗೇ ಸೇರಿಸುವ ‘ಗೆಟ್’ ವಿಧಾನದಲ್ಲಿ, ಚೌಕಾವರಣದೊಳಗೆ ಚೌಕಾವರಣವಿರುವ ಉದ್ದನೆಯ ಹೆಸರುಗಳ ಮೂಲಕ ಮಾಹಿತಿ ಕಳುಹಿಸುತ್ತದೆ. ಪೈಥಾನ್‌ನವರಿಗೆ ಇದರಲ್ಲಿ ಎರಡು ತೊಡಕು. ಫ್ಲಾಸ್ಕ್ ಆ ಚೌಕಾವರಣಗಳನ್ನು ಬಿಡಿಸಿ ಡಿಕ್ಷನರಿ ಮಾಡಿಕೊಡುವುದಿಲ್ಲ, ಇಡೀ ಹೆಸರನ್ನು ಅಕ್ಷರಶಃ ಬರೆದು ಎತ್ತಿಕೊಳ್ಳಬೇಕು. ಎರಡನೆಯದು ಉದ್ದ. ಒಂದೊಂದು ಕಾಲಂಗೆ ಆರು ಪ್ಯಾರಾಮೀಟರ್, ಎನ್‌ಕೋಡ್ ಆದಮೇಲೆ ಸುಮಾರು 210 ಬೈಟ್. ನಿಜವಾದ ಸರ್ವರಿನಲ್ಲಿ ಫ್ಲಾಸ್ಕ್ ಓಡಿಸಲು ಬಳಸುವ ಗುನಿಕಾರ್ನ್ ಒಪ್ಪುವ ವಿನಂತಿಯ ಸಾಲು ಮೊದಲ ಸ್ಥಿತಿಯಲ್ಲಿ 4,094 ಬೈಟ್ ಮಾತ್ರ. ಇಂದು ಒಂಬತ್ತು ಕಾಲಂ ಇದೆ, ಸರಿ. ಮುಂದೆ ಯಾರಾದರೂ ಇಪ್ಪತ್ತು ಕಾಲಂ ಮಾಡಿದ ದಿನ ಲ್ಯಾಪ್‌ಟಾಪಿನ ಫ್ಲಾಸ್ಕ್ ಸರ್ವರಿನಲ್ಲಿ ಚೆನ್ನಾಗಿ ಓಡಿದ ಪುಟ ನಿಜವಾದ ಸರ್ವರಿನಲ್ಲಿ 400 ಎಂಬ ದೋಷ ಕೊಡುತ್ತದೆ. ಕಾರಣ ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಎರಡಕ್ಕೂ ಒಂದೇ ಮದ್ದು. ಡೇಟಾಟೇಬಲ್ಸ್‌ನ ಅಜಾಕ್ಸ್ ವಿಭಾಗದಲ್ಲಿ (ಡೇಟಾವನ್ನು ಹೇಗೆ ತರಬೇಕು ಎಂದು ಹೇಳುವ ಭಾಗ) ವಿಧಾನವನ್ನು ‘ಪೋಸ್ಟ್’ಗೆ ಬದಲಿಸಿ, ‘ಕಂಟೆಂಟ್‌ಟೈಪ್’ ಜೇಸನ್ ಎಂದು ಬರೆಯಿರಿ, ‘ಡೇಟಾ’ ಫಂಕ್ಷನ್‌ನಲ್ಲಿ ಬಂದ ಆಬ್ಜೆಕ್ಟನ್ನು ಜೇಸನ್ ಸ್ಟ್ರಿಂಗಿಫೈ ಮಾಡಿ ಹಿಂದಿರುಗಿಸಿ. ಫ್ಲಾಸ್ಕ್ ಕಡೆ ‘ಗೆಟ್_ಜೇಸನ್’ ಎಂದರೆ ಒಳಗೊಳಗಿನ ಡಿಕ್ಷನರಿ, ಲಿಸ್ಟ್‌ಗಳೆಲ್ಲ ನೇರ ಕೈಗೆ ಬರುತ್ತವೆ. ಫ್ಲಾಸ್ಕ್-ಡಬ್ಲ್ಯುಟಿಎಫ್‌ನ ಸಿಎಸ್‌ಆರ್‌ಎಫ್ ರಕ್ಷಣೆ (ಬೇರೆ ಸೈಟಿನಿಂದ ಬರುವ ಕಳ್ಳ ವಿನಂತಿಗಳನ್ನು ತಡೆಯುವುದು) ಹಾಕಿದ್ದರೆ ‘ಎಕ್ಸ್-ಸಿಎಸ್‌ಆರ್‌ಎಫ್‌ಟೋಕನ್’ ಹೆಡರಿನಲ್ಲಿ ಟೋಕನ್ ಕಳುಹಿಸಿ. ಇಲ್ಲದಿದ್ದರೆ ಮತ್ತೆ 400.

ಬರುವ ಮಾಹಿತಿಯಲ್ಲಿ ನಿಮಗೆ ಬೇಕಾದದ್ದು ‘ಡ್ರಾ’, ‘ಸ್ಟಾರ್ಟ್’, ‘ಲೆಂಗ್ತ್’, ‘ಸರ್ಚ್’, ‘ಆರ್ಡರ್’. ಕೊಡಬೇಕಾದದ್ದು ‘ಡ್ರಾ’, ‘ರೆಕಾರ್ಡ್ಸ್‌ಟೋಟಲ್’, ‘ರೆಕಾರ್ಡ್ಸ್‌ಫಿಲ್ಟರ್ಡ್’, ‘ಡೇಟಾ’. ‘ಡ್ರಾ’ ಒಂದು ಕ್ರಮಸಂಖ್ಯೆ. ಬೇಗ ಬೇಗ ಟೈಪಿಸಿದಾಗ ಹಳೆಯ ಪ್ರಶ್ನೆಯ ಉತ್ತರ ತಡವಾಗಿ ಬಂದರೆ ಡೇಟಾಟೇಬಲ್ಸ್ ಈ ಸಂಖ್ಯೆ ನೋಡಿ ಅದನ್ನು ಕೈಬಿಡುತ್ತದೆ. ಅದನ್ನು ‘ಇಂಟ್’ಗೆ ಬದಲಿಸಿಯೇ ವಾಪಸು ಕೊಡಿ. ಬಂದ ಸ್ಟ್ರಿಂಗನ್ನು ಹಾಗೇ ಹಿಂದಿರುಗಿಸಿದರೆ ಅದರೊಳಗೆ ಸ್ಕ್ರಿಪ್ಟ್ ತುರುಕಲು ದಾರಿಯಾಗುತ್ತದೆ.

‘ರೆಕಾರ್ಡ್ಸ್‌ಫಿಲ್ಟರ್ಡ್’ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಅಲ್ಲಿ ‘ಡೇಟಾ’ದ ಉದ್ದ, ಅಂದರೆ 50, ಬರೆದುಬಿಟ್ಟರೆ ಟೇಬಲ್ ಮೊದಲ ಪುಟದಲ್ಲೇ ಮುಗಿಯುತ್ತದೆ, ಮುಂದಿನ ಪುಟದ ಗುಂಡಿಯೇ ಬರುವುದಿಲ್ಲ. ಅಲ್ಲಿರಬೇಕಾದದ್ದು ಫಿಲ್ಟರ್ ಹಾಕಿದ ಮೇಲೆ, ಪುಟಕ್ಕೆ ಕತ್ತರಿಸುವ ಮೊದಲು ಉಳಿದ ಸಾಲುಗಳ ಎಣಿಕೆ. ‘ಲೆಂಗ್ತ್’ ಬಗ್ಗೆಯೂ ಎಚ್ಚರ ಬೇಕು. ‘ಎಲ್ಲವನ್ನೂ ತೋರಿಸು’ ಎನ್ನಲು ಡೇಟಾಟೇಬಲ್ಸ್ -1 ಕಳುಹಿಸುತ್ತದೆ, ಎಸ್‌ಕ್ಯೂಲೈಟ್‌ನಲ್ಲಿ ಋಣಸಂಖ್ಯೆಯ ಲಿಮಿಟ್ ಎಂದರೆ ಮಿತಿಯೇ ಇಲ್ಲ ಎಂದರ್ಥ. ಎರಡೂ ಸೇರಿದರೆ ಬಿಟ್ಟುಬಂದ 1,82,500 ಸಾಲು ಮತ್ತೆ ಹೊರಡುತ್ತದೆ. ಸರ್ವರಿನಲ್ಲೇ 1ರಿಂದ 100ರೊಳಗೆ ಕಟ್ಟಿಹಾಕಿ.

ಕ್ವೆರಿ ಕಟ್ಟುವ ಬಗೆ

ಫಿಲ್ಟರ್ ಷರತ್ತುಗಳನ್ನು ಒಂದು ಲಿಸ್ಟಿನಲ್ಲಿ ಕಟ್ಟಿಕೊಡುವ ಒಂದೇ ಫಂಕ್ಷನ್ ಬರೆಯಿರಿ. ಸಾಲು ತರುವುದು, ಎಣಿಸುವುದು, ಮೊತ್ತ ಕೂಡುವುದು, ಎಕ್ಸೆಲ್‌ಗೆ ಇಳಿಸುವುದು, ಈ ನಾಲ್ಕೂ ಅದೇ ಲಿಸ್ಟನ್ನು ಬಳಸಲಿ. ನಾಲ್ಕು ಕಡೆ ನಾಲ್ಕು ಸಲ ಬರೆದರೆ ಎಂದಾದರೊಂದು ದಿನ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತೀರಿ. ಆಗ ತೆರೆಯ ಮೇಲಿನ ಮೊತ್ತವೂ ಎಕ್ಸೆಲ್ ಮೊತ್ತವೂ ಬೇರೆ ಬೇರೆ ಬರುತ್ತವೆ. ಹಾಲು ಹಾಕಿದವರ ಎದುರು ಸಂಘ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಯಾವ ಕಾಲಂ ಪ್ರಕಾರ ಜೋಡಿಸಬೇಕು ಎಂಬ ಹೆಸರು ಬ್ರೌಸರಿನಿಂದ ಬರುತ್ತದೆ. ಅದನ್ನು ಕ್ವೆರಿಯ ಸ್ಟ್ರಿಂಗಿಗೆ ಅಂಟಿಸಬೇಡಿ. ಆರ್ಡರ್ ಬೈ ಜಾಗದಲ್ಲಿ ಕಾಲಂ ಹೆಸರನ್ನು ಪ್ಯಾರಾಮೀಟರ್ ಆಗಿ ಕಟ್ಟಲು ಬರುವುದಿಲ್ಲ, ಹಾಗಾಗಿ ಎಸ್‌ಕ್ಯೂಎಲ್ ಇಂಜೆಕ್ಷನ್, ಅಂದರೆ ಕ್ವೆರಿಯೊಳಗೆ ಹೊರಗಿನವರು ತಮ್ಮ ಆದೇಶ ತುರುಕುವ ದಾಳಿ, ನುಸುಳುವ ಸಂದು ಇದೇ. ಅನುಮತಿಯಿರುವ ಹೆಸರುಗಳಿಗೆ ಎಸ್‌ಕ್ಯೂಎಲ್‌ಆಲ್ಕೆಮಿ ಕಾಲಂ ಹೊಂದಿಸಿದ ಒಂದು ಡಿಕ್ಷನರಿ ಇಟ್ಟುಕೊಳ್ಳಿ. ಡಿಕ್ಷನರಿಯಲ್ಲಿಲ್ಲದ ಹೆಸರು ಬಂದರೆ ದಿನಾಂಕದ ಕ್ರಮಕ್ಕೆ ಮರಳಿ.

ಜೋಡಣೆಯ ಕೊನೆಗೆ ಯಾವಾಗಲೂ ಐಡಿ ಸೇರಿಸಿ. ದಿನಾಂಕವೊಂದನ್ನೇ ಹಿಡಿದು ಜೋಡಿಸಿದರೆ ನಿಮ್ಮಲ್ಲಿ ಒಂದೇ ದಿನಾಂಕಕ್ಕೆ 250 ಸಾಲು ಇರುತ್ತವೆ. ಆ 250ರೊಳಗೆ ಯಾವುದು ಮೊದಲು ಎಂದು ಡೇಟಾಬೇಸ್ ಮಾತು ಕೊಟ್ಟಿಲ್ಲ. ಒಂದೇ ಸಾಲು ಎರಡನೆಯ ಪುಟದಲ್ಲೂ ಮೂರನೆಯದರಲ್ಲೂ ಕಾಣಬಹುದು, ಇನ್ನೊಂದು ಎಲ್ಲೂ ಕಾಣದೆ ಹೋಗಬಹುದು. ‘ನನ್ನ ಸಂಜೆ ಹಾಲು ಬರೆದೇ ಇಲ್ಲ’ ಎಂದು ಬರುವ ದೂರಿನ ಹಿಂದೆ ಕೆಲವೊಮ್ಮೆ ಇಷ್ಟೇ ಇರುತ್ತದೆ. ದಿನಾಂಕ ಇಳಿಕೆ, ಐಡಿ ಇಳಿಕೆ ಎಂದು ಬರೆದರೆ ಕ್ರಮ ಗಟ್ಟಿಯಾಗುತ್ತದೆ.

ಸದಸ್ಯರ ಹೆಸರು ಬೇರೆ ಟೇಬಲ್‌ನಲ್ಲಿದ್ದರೆ ಜಾಯಿನ್ ಮಾಡಿ, ‘ಕಂಟೇನ್ಸ್_ಈಗರ್’ ಆಯ್ಕೆ ಹಾಕಿ. ಇಲ್ಲವಾದರೆ ಪುಟದಲ್ಲಿರುವ ಒಬ್ಬೊಬ್ಬ ಸದಸ್ಯರಿಗೂ ಒಂದೊಂದು ಹೆಚ್ಚುವರಿ ಕ್ವೆರಿ ಓಡುತ್ತದೆ.

ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಇಂಡೆಕ್ಸ್ ಎರಡು ಸಾಕು: ದಿನಾಂಕ ಮತ್ತು ಐಡಿ ಸೇರಿದ್ದು ಒಂದು, ಸದಸ್ಯ ಸಂಖ್ಯೆ ಮತ್ತು ದಿನಾಂಕ ಸೇರಿದ್ದು ಇನ್ನೊಂದು. ಅವು ನಿಜಕ್ಕೂ ಬಳಕೆಯಾಗುತ್ತಿವೆಯೇ ಎಂದು ತಿಳಿಯಲು ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್’ ಬರೆದು ಓಡಿಸಿ. ಉತ್ತರದಲ್ಲಿ ‘ಯೂಸ್ ಟೆಂಪ್ ಬಿ-ಟ್ರೀ ಫಾರ್ ಆರ್ಡರ್ ಬೈ’ ಎಂದಿದ್ದರೆ ಇಂಡೆಕ್ಸ್ ಜೋಡಣೆಗೆ ಒದಗಲಿಲ್ಲ, ಡೇಟಾಬೇಸ್ ಪ್ರತಿ ಸಲ ಹೊಸದಾಗಿ ಜೋಡಿಸುತ್ತಿದೆ ಎಂದು ಅರ್ಥ. ಹೆಸರಿನ ಕ್ರಮಕ್ಕೆ ಇದು ಬಂದೇ ಬರುತ್ತದೆ, ಈ ಗಾತ್ರಕ್ಕೆ ತಡೆದುಕೊಳ್ಳಬಹುದು. ದಿನಾಂಕದ ಕ್ರಮಕ್ಕೆ ಬಂದರೆ ಮಾತ್ರ ಇಂಡೆಕ್ಸ್ ನೋಡಿ. ಆಫ್‌ಸೆಟ್ ದೊಡ್ಡದಾದಷ್ಟೂ ನಿಧಾನ ಎಂಬ ಎಚ್ಚರಿಕೆ ಕೇಳಿರುತ್ತೀರಿ. ಅದು ನಿಜ, ಬಿಟ್ಟು ಹೋಗುವ ಸಾಲುಗಳನ್ನೂ ಡೇಟಾಬೇಸ್ ದಾಟಿಕೊಂಡೇ ಹೋಗಬೇಕು. ಆದರೆ ಕೋಟಿ ಸಾಲಿನ ಚಿಂತೆಯನ್ನು ಎರಡು ಲಕ್ಷಕ್ಕೆ ತರಬೇಡಿ.

ಕನ್ನಡ ಹೆಸರು ಏಕೆ ಸಿಗುತ್ತಿಲ್ಲ

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಇದು. ವೇಗ ಕಡಿಮೆಯಾದರೆ ಜನ ಕಾಯುತ್ತಾರೆ. ತಮ್ಮ ಹೆಸರೇ ಸಿಗದಿದ್ದರೆ ಲೆಕ್ಕವನ್ನೇ ನಂಬುವುದಿಲ್ಲ.

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಕನ್ನಡ ಪದಗಳು ಕಂಪ್ಯೂಟರಿನಲ್ಲಿ ಬೇರೆ ಬೇರೆಯಾಗಿರಲು ಕೆಲವು ಕಾರಣಗಳಿವೆ. ಒಂದು, ‘ಕೋ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಗುಡಿಸಿನ ದೀರ್ಘ, ಏತ್ವ, ಐತ್ವ, ಒತ್ವಕ್ಕೂ ಇಂಥ ಬಿಡಿ ರೂಪಗಳಿವೆ. ಪೈಥಾನ್‌ನ ‘ಯುನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ ಫಂಕ್ಷನ್ನಿಗೆ ‘ಎನ್‌ಎಫ್‌ಸಿ’ ಎಂದು ಕೊಟ್ಟರೆ ಇವೆಲ್ಲ ಕೂಡಿದ ರೂಪಕ್ಕೆ ಬರುತ್ತವೆ.

ಎರಡು, ಕಾಣದ ಅಕ್ಷರಗಳು. ‘ರಾಜ್‌ಕುಮಾರ್’ ಎಂದು ಅರ್ಧಾಕ್ಷರ ಬಿಡಿಸಿ ಬರೆಯಲು ಕೀಬೋರ್ಡು ನಡುವೆ ಶೂನ್ಯ ಅಗಲದ ಒಂದು ಸಂಕೇತ ಹಾಕುತ್ತದೆ, ದಶಮಾನದಲ್ಲಿ 8204. ಕೂಡಿಸುವ ಇನ್ನೊಂದು 8205. ಎನ್‌ಎಫ್‌ಸಿ ಇವನ್ನು ಮುಟ್ಟುವುದಿಲ್ಲ, ನೀವೇ ಕಿತ್ತುಹಾಕಬೇಕು. ಮೂರು, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ಅನುಸ್ವಾರ 3202, ಸೊನ್ನೆ 3302, ತೆರೆಯ ಮೇಲೆ ಹೆಚ್ಚುಕಡಿಮೆ ಒಂದೇ ದುಂಡು. ‘ಶಂಕರಪ್ಪ’ನವರನ್ನು ಯಾರೋ ಸೊನ್ನೆ ಹಾಕಿ ನಮೂದಿಸಿದ್ದರೆ ಸರಿಯಾಗಿ ಟೈಪಿಸಿದವರಿಗೆ ಅವರು ಎಂದೂ ಸಿಗುವುದಿಲ್ಲ. ನಾಲ್ಕನೆಯದು ಯುನಿಕೋಡ್ ದೋಷವಲ್ಲ, ನಮ್ಮ ಬರವಣಿಗೆಯ ರೂಢಿ: ಸಿದ್ದಪ್ಪ-ಸಿದ್ಧಪ್ಪ, ಮಂಜುನಾಥ-ಮಂಜುನಾಥ್, ಲಕ್ಷ್ಮಮ್ಮ-ಲಕ್ಷ್ಮೀಯಮ್ಮ. ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನ ಕಡತದಿಂದ ಹೆಸರುಗಳನ್ನು ತಂದಿದ್ದರೆ ಮೊದಲು ಯುನಿಕೋಡಿಗೆ ಪರಿವರ್ತಿಸಿ. ಫಾಂಟ್ ಹಾಕಿದಾಗ ಕನ್ನಡದಂತೆ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ, ಯಾವ ಹುಡುಕಾಟವೂ ಅಲ್ಲಿ ನಡೆಯದು.

ಪರಿಹಾರ ಹೀಗೆ. ಸದಸ್ಯರ ಟೇಬಲ್‌ಗೆ ‘ಹುಡುಕುಕೀಲಿ’ ಎಂಬ ಒಂದು ಕಾಲಂ ಸೇರಿಸಿ. ಹೆಸರನ್ನು ಕೀಲಿಯಾಗಿಸುವ ಫಂಕ್ಷನ್ ಮೊದಲು ಎನ್‌ಎಫ್‌ಸಿ ಮಾಡಲಿ, ಆಮೇಲೆ 8204, 8205 ಮತ್ತು ಚುಕ್ಕಿಗಳನ್ನು ತೆಗೆಯಲಿ. ಅಕ್ಷರದ ಪಕ್ಕ ಅಂಟಿಕೊಂಡ ಕನ್ನಡ ಸೊನ್ನೆಯನ್ನು ಅನುಸ್ವಾರ ಮಾಡಲಿ. ಮಹಾಪ್ರಾಣಗಳನ್ನು ಅಲ್ಪಪ್ರಾಣಕ್ಕೆ, ‘ಷ’ವನ್ನು ‘ಶ’ಕ್ಕೆ, ದೀರ್ಘ ಸ್ವರಚಿಹ್ನೆಗಳನ್ನು ಹ್ರಸ್ವಕ್ಕೆ ಇಳಿಸಲಿ. ಕೊನೆಗೆ ಹಲಂತದ ಚಿಹ್ನೆಯನ್ನು, ಅಂದರೆ 3277ನ್ನು, ಎಲ್ಲ ಕಡೆಯಿಂದಲೂ ತೆಗೆಯಲಿ. ‘ಸ್ಟ್ರಿಂಗ್ ಟ್ರಾನ್ಸ್‌ಲೇಟ್’ಗೆ ಸಂಖ್ಯೆಗಳ ಒಂದು ಡಿಕ್ಷನರಿ ಕೊಟ್ಟರೆ ಇದರಲ್ಲಿ ಬಹುಪಾಲು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ‘ರಾಜ್‌ಕುಮಾರ್’, ‘ರಾಜಕುಮಾರ’ ಎರಡರ ಕೀಲಿಯೂ ಆಗ ಒಂದೇ. ಕೀಲಿ ಓದಲು ವಿಕಾರವಾಗಿರುತ್ತದೆ, ಅದನ್ನು ಯಾರಿಗೂ ತೋರಿಸುವುದಿಲ್ಲವಾದ್ದರಿಂದ ಅಡ್ಡಿಯಿಲ್ಲ. ಹುಡುಕಲು ಟೈಪಿಸಿದ ಪದವನ್ನೂ ಇದೇ ಫಂಕ್ಷನ್ನಿಗೆ ಹಾಕಿ ಹೋಲಿಸಿ. ಮುಂದೆ ಫಂಕ್ಷನ್ ಬದಲಿಸಿದರೆ ಹಳೆಯ ಕೀಲಿಗಳನ್ನೆಲ್ಲ ಮತ್ತೆ ತುಂಬಬೇಕು ಎಂಬುದನ್ನು ಕೋಡಿನಲ್ಲೇ ಟಿಪ್ಪಣಿ ಮಾಡಿಡಿ.

ಹಲಂತ ತೆಗೆಯುವುದರಿಂದ ಇನ್ನೊಂದು ಲಾಭವಿದೆ. ಹಲವು ಕನ್ನಡ ಕೀಬೋರ್ಡುಗಳಲ್ಲಿ ‘ರಾ’ ಟೈಪಿಸುವಾಗ ಮೊದಲು ‘ರ್’ ಬಂದು ಆಮೇಲೆ ‘ರಾ’ ಆಗುತ್ತದೆ. ನಡುವಿನ ಆ ‘ರ್’ ಸರ್ವರಿಗೆ ಹೋಗಿ ‘ಯಾರೂ ಇಲ್ಲ’ ಎಂದು ಟೇಬಲ್ ಒಮ್ಮೆ ಖಾಲಿಯಾಗಿ ಮಿನುಗುವುದುಂಟು. ಸರ್ವರ್ ಕಡೆಯ ಹುಡುಕಾಟಕ್ಕೆ ಡೇಟಾಟೇಬಲ್ಸ್ ಕಾಯುವುದು 400 ಮಿಲಿಸೆಕೆಂಡ್. ಕನ್ನಡಕ್ಕೆ ‘ಸರ್ಚ್‌ಡಿಲೇ’ಯನ್ನು 600ಕ್ಕೆ ಏರಿಸಿ.

ಈಗ ನಿಮ್ಮ ಡೇಟಾದ ಸ್ವರೂಪ ನೋಡಿ. ಹೆಸರು ಹುಡುಕಬೇಕಿರುವುದು 1,82,500 ಸಾಲಿನಲ್ಲಿ ಅಲ್ಲ, 125 ಸದಸ್ಯರಲ್ಲಿ. ಮೊದಲು ಸದಸ್ಯರ ಟೇಬಲ್‌ನಲ್ಲಿ ಕೀಲಿಯನ್ನು ‘ಕಂಟೇನ್ಸ್’ ಮಾಡಿ ಹುಡುಕಿ, ‘ಆಟೋಎಸ್ಕೇಪ್’ ಹಾಕಿ. ಇಲ್ಲದಿದ್ದರೆ ಬಳಕೆದಾರರು ಟೈಪಿಸಿದ ಶೇಕಡಾ ಚಿಹ್ನೆ ಎಲ್ಲವಕ್ಕೂ ಹೊಂದಿಬಿಡುತ್ತದೆ. ಸಿಕ್ಕ ಐಡಿಗಳನ್ನು ಹಿಡಿದು ಹಾಲಿನ ಟೇಬಲ್‌ಗೆ ಹೋದರೆ ಎರಡನೆಯ ಇಂಡೆಕ್ಸ್ ನೇರ ಕೆಲಸಕ್ಕೆ ಬರುತ್ತದೆ. ಯಾವ ಸದಸ್ಯರೂ ಸಿಗದಿದ್ದಾಗ ಫಿಲ್ಟರನ್ನು ಬಿಟ್ಟುಬಿಡುವ ತಪ್ಪು ಮಾಡಬೇಡಿ. ‘ಐಡಿಗಳಿದ್ದರೆ ಮಾತ್ರ ಷರತ್ತು ಸೇರಿಸು’ ಎಂದು ಬರೆದರೆ ಇಲ್ಲದ ಹೆಸರು ಹುಡುಕಿದವರಿಗೆ ಇಡೀ ಸಂಘದ ಲೆಕ್ಕ ಕಾಣುತ್ತದೆ. ಖಾಲಿ ಲಿಸ್ಟನ್ನು ಹಾಗೇ ‘ಇನ್’ಗೆ ಕೊಡಿ, ಎಸ್‌ಕ್ಯೂಎಲ್‌ಆಲ್ಕೆಮಿ ಅದನ್ನು ಸರಿಯಾಗಿ ನಿಭಾಯಿಸಿ ಸೊನ್ನೆ ಸಾಲು ತರುತ್ತದೆ.

ಸದಸ್ಯ ಸಂಖ್ಯೆಯನ್ನು ಯಾರಾದರೂ ‘೪೭’ ಎಂದು ಕನ್ನಡ ಅಂಕಿಯಲ್ಲಿ ಟೈಪಿಸಿದರೂ ಪೈಥಾನ್‌ನ ‘ಇಂಟ್’ ಅದನ್ನು 47 ಎಂದೇ ಓದುತ್ತದೆ. ಎಸ್‌ಕ್ಯೂಲೈಟ್‌ಗೆ ಆ ಜ್ಞಾನವಿಲ್ಲ, ಹಾಗಾಗಿ ಪರಿವರ್ತನೆ ಪೈಥಾನ್‌ನಲ್ಲೇ ಆಗಲಿ. ‘ಇಸ್‌ಡೆಸಿಮಲ್’ ಪರೀಕ್ಷೆಯಲ್ಲಿ ಪಾಸಾದರೆ ಸಂಖ್ಯೆ, ಇಲ್ಲವಾದರೆ ಹೆಸರು.

ಇಷ್ಟಕ್ಕೆ ಪೂರ್ಣಪಠ್ಯ ಹುಡುಕಾಟ ಬೇಕಿಲ್ಲ. ಮುಂದೆಂದಾದರೂ ಷರಾ, ವಿವರಣೆಗಳಂಥ ಉದ್ದ ಪಠ್ಯಕ್ಕೆ ಎಸ್‌ಕ್ಯೂಲೈಟ್‌ನ ಎಫ್‌ಟಿಎಸ್5 ಬಳಸುವುದಾದರೆ ಎಡವುವ ಜಾಗ ಒಂದಿದೆ. ಪಠ್ಯವನ್ನು ಪದಗಳಾಗಿ ಒಡೆಯುವ ಅದರ ಸಹಜ ಟೋಕನೈಸರ್ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಪದದ ಭಾಗವೆಂದು ಎಣಿಸುತ್ತದೆ. ಕನ್ನಡದ ಸ್ವರಚಿಹ್ನೆಗಳು ಯುನಿಕೋಡಿನಲ್ಲಿ ‘ಮಾರ್ಕ್’ ವರ್ಗಕ್ಕೆ ಸೇರುವುದರಿಂದ ಪದ ಅಲ್ಲಲ್ಲೇ ಮುರಿಯುತ್ತದೆ. ‘ಕ್ಯಾಟಗರೀಸ್’ ಆಯ್ಕೆಯಲ್ಲಿ ಆ ವರ್ಗವನ್ನೂ ಸೇರಿಸಿ, ಅಥವಾ 3.34 ಆವೃತ್ತಿಯಿಂದ ಇರುವ ಟ್ರೈಗ್ರಾಮ್ ಟೋಕನೈಸರ್ ಬಳಸಿ.

ಅಕ್ಷರಕ್ರಮ

ಯುನಿಕೋಡಿನಲ್ಲಿ ‘ಳ’ ಇರುವುದು ‘ಲ’ದ ನಂತರ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ, ಕಟ್ಟಕಡೆಗೆ. ಎಸ್‌ಕ್ಯೂಲೈಟ್ ಸಂಕೇತಗಳ ಕ್ರಮವನ್ನೇ ಹಿಡಿಯುವುದರಿಂದ ಕಾಳಮ್ಮ, ಕಾವೇರಮ್ಮ, ಕಾಶಮ್ಮ ಎಂದು ಬರುತ್ತದೆ. ಕಾವೇರಮ್ಮ, ಕಾಶಮ್ಮ, ಕಾಳಮ್ಮ ಎಂದು ಬರಬೇಕಿತ್ತು. ‘ಕ್ರಮಕೀಲಿ’ ಎಂಬ ಇನ್ನೊಂದು ಕಾಲಂ ಮಾಡಿ. ಎನ್‌ಎಫ್‌ಸಿ ಮಾಡಿ, ಕಾಣದ ಅಕ್ಷರ ತೆಗೆದು, ‘ಳ’ವನ್ನು, ಅಂದರೆ 3251ನ್ನು, 3258ಕ್ಕೆ ಬದಲಿಸಿ ಅಲ್ಲಿಡಿ. 3257 ‘ಹ’, 3258ರಲ್ಲಿ ಯಾವ ಅಕ್ಷರವೂ ಇಲ್ಲ, ಖಾಲಿ ಜಾಗ. ಹಾಗಾಗಿ ‘ಳ’ ತಾನಾಗಿ ಕೊನೆಗೆ ಸರಿಯುತ್ತದೆ. ಉಳಿದ ವ್ಯಂಜನಗಳು, ಕಾಗುಣಿತ, ಕೊನೆಗೆ ಒತ್ತಕ್ಷರ ಎಂಬ ಕ್ರಮ ಸಂಕೇತಗಳಲ್ಲೇ ಸರಿಯಿದೆ. ಇಲ್ಲಿ ಹಲಂತವನ್ನಾಗಲಿ ಮಹಾಪ್ರಾಣವನ್ನಾಗಲಿ ಮುಟ್ಟಬೇಡಿ, ಆ ಸಡಿಲಿಕೆ ಹುಡುಕುವ ಕೀಲಿಗಷ್ಟೇ. ಮುಂದೆ ಪೋಸ್ಟ್‌ಗ್ರೆಸ್‌ಗೆ ಹೋದರೆ ಈ ಕಾಲಂಗೆ ಸಂಕೇತಗಳ ಕ್ರಮವನ್ನೇ ಹಿಡಿಯುವ ‘ಸಿ’ ಕೊಲೇಶನ್ ಕೊಡಿ.

ಹಣ, ದಿನಾಂಕ, ಮೊತ್ತ

ಸೆಲ್‌ನೊಳಗೆ ‘ರೂ.’ ಎಂದು ಬರೆದ ಕೂಡಲೇ ಡೇಟಾಟೇಬಲ್ಸ್ ಆ ಕಾಲಮನ್ನು ಪಠ್ಯವೆಂದು ತಿಳಿಯುತ್ತದೆ. ಪಠ್ಯದ ಲೆಕ್ಕದಲ್ಲಿ ‘1’ ಎಂಬುದು ‘9’ಕ್ಕಿಂತ ಮೊದಲು, ಹಾಗಾಗಿ 1,025 ಮೇಲೆ ಹೋಗಿ ಕೂತಿತು. ಡೇಟಾಬೇಸಿನಲ್ಲಿ ಹಣವನ್ನು ಪೈಸೆಯ ಪೂರ್ಣಾಂಕವಾಗಿ, ಹಾಲನ್ನು ಮಿಲಿಲೀಟರಿನಲ್ಲಿ, ಫ್ಯಾಟ್ ಮತ್ತು ಎಸ್‌ಎನ್‌ಎಫ್‌ನ್ನು (ಕೊಬ್ಬು ಬಿಟ್ಟು ಉಳಿದ ಘನಾಂಶ) ಹತ್ತರಿಂದ ಗುಣಿಸಿ ಇಡಿ. ಎಸ್‌ಕ್ಯೂಲೈಟ್‌ಗೆ ನಿಜವಾದ ದಶಮಾಂಶ ಮಾದರಿ ಇಲ್ಲ, ಫ್ಲೋಟ್ ಕೂಡಿದರೆ ಬಟವಾಡೆಯ ದಿನ ಪೈಸೆ ಹೆಚ್ಚುಕಡಿಮೆ ಬರುತ್ತದೆ. ಜೇಸನ್‌ನಲ್ಲಿ ಬರೀ ಸಂಖ್ಯೆ ಹೋಗಲಿ. ಲಕ್ಷದ ಅಲ್ಪವಿರಾಮ, ರೂಪಾಯಿ ಚಿಹ್ನೆಗಳನ್ನು ಬ್ರೌಸರಿನಲ್ಲಿ ಕಾಲಮಿನ ‘ರೆಂಡರ್’ ಫಂಕ್ಷನ್ ಹಾಕಲಿ. ‘ಇಂಟ್ಲ್ ನಂಬರ್‌ಫಾರ್ಮ್ಯಾಟ್’ಗೆ ‘ಇಎನ್-ಐಎನ್’ ಕೊಟ್ಟರೆ 1,25,000 ಎಂದೇ ಬರೆಯುತ್ತದೆ.

ಫ್ಲಾಸ್ಕ್‌ನ ‘ಜೇಸನಿಫೈ’ ದಿನಾಂಕವನ್ನು ವಾರದ ಹೆಸರು, ತಿಂಗಳು, ಕೊನೆಗೆ ಜಿಎಂಟಿ ಎಂದು ಉದ್ದುದ್ದ ಬರೆಯುತ್ತದೆ. ‘ಐಸೊಫಾರ್ಮ್ಯಾಟ್’ ಮಾಡಿ ಕೊಡಿ, ಬ್ರೌಸರಿನಲ್ಲಿ ಆ ಸ್ಟ್ರಿಂಗನ್ನೇ ಅಡ್ಡಗೆರೆಯಲ್ಲಿ ಕತ್ತರಿಸಿ ದಿನ-ತಿಂಗಳು-ವರ್ಷ ಮಾಡಿ. ಡೇಟ್ ಆಬ್ಜೆಕ್ಟ್ ಮಾಡಿದರೆ ಅಮೆರಿಕದಲ್ಲಿ ಕೂತು ಊರಿನ ಲೆಕ್ಕ ನೋಡುವ ಮಗನಿಗೆ ಹಿಂದಿನ ದಿನ ಕಾಣುತ್ತದೆ. ಮತ್ತೊಂದು, ಫ್ಲಾಸ್ಕ್ ಕನ್ನಡ ಅಕ್ಷರಗಳನ್ನು ಜೇಸನ್‌ನಲ್ಲಿ ಆಸ್ಕಿ ಸಂಕೇತವಾಗಿ ಬರೆಯುವುದರಿಂದ ಮೂರು ಬೈಟಿನ ಅಕ್ಷರಕ್ಕೆ ಆರು ಬೈಟ್ ಹಿಡಿಯುತ್ತದೆ. ಆ್ಯಪಿನ ಜೇಸನ್ ವ್ಯವಸ್ಥೆಯಲ್ಲಿ ‘ಎನ್‌ಶೂರ್_ಆಸ್ಕಿ’ಯನ್ನು ‘ಫಾಲ್ಸ್’ ಮಾಡಿ. ಪಾಂಡಾಸ್ ಲೈಬ್ರರಿಯ ಮೂಲಕ ಡೇಟಾ ತರುವುದಾದರೆ ಖಾಲಿ ಜಾಗದ ‘ನ್ಯಾನ್’ಗಳನ್ನು ‘ನನ್’ ಮಾಡಿಯೇ ಕಳುಹಿಸಿ. ನ್ಯಾನ್ ಇರುವ ಜೇಸನನ್ನು ಬ್ರೌಸರ್ ಓದುವುದಿಲ್ಲ.

ಟೇಬಲ್‌ನ ಕೆಳಗೆ ಒಟ್ಟು ಲೀಟರ್, ಒಟ್ಟು ಮೊತ್ತ ತೋರಿಸುವುದಿದ್ದರೆ ಡೇಟಾಟೇಬಲ್ಸ್‌ನ ‘ಫೂಟರ್‌ಕಾಲ್‌ಬ್ಯಾಕ್’ನಲ್ಲಿ ಕೂಡಬೇಡಿ. ಬ್ರೌಸರಿನಲ್ಲಿ ಈಗ ಇರುವುದು 50 ಸಾಲು ಮಾತ್ರ. ಆ 50ರ ಮೊತ್ತವನ್ನು ತಿಂಗಳ ಮೊತ್ತವೆಂದು ಓದಿ ಬಟವಾಡೆ ಮಾಡುವ ಅಪಾಯ ಬಹಳ ದೊಡ್ಡದು. ಅದೇ ಷರತ್ತಿನ ಲಿಸ್ಟಿನಿಂದ ಸರ್ವರಿನಲ್ಲಿ ಕೂಡಿ, ಜೇಸನ್‌ಗೆ ‘ಮೊತ್ತಗಳು’ ಎಂಬ ಇನ್ನೊಂದು ಭಾಗ ಸೇರಿಸಿ ಕಳುಹಿಸಿ. ಸರಾಸರಿ ಫ್ಯಾಟನ್ನು ಸಾಲುಗಳ ಸರಾಸರಿಯಾಗಿ ತೆಗೆಯಬಾರದು. 2 ಲೀಟರಿನ 5.0 ಫ್ಯಾಟೂ 18 ಲೀಟರಿನ 3.5 ಫ್ಯಾಟೂ ಸಮನಲ್ಲ. ಲೀಟರ್ ಗುಣಿಸು ಫ್ಯಾಟ್, ಅದರ ಮೊತ್ತವನ್ನು ಒಟ್ಟು ಲೀಟರಿನಿಂದ ಭಾಗಿಸಿದರೆ 3.65 ಬರುತ್ತದೆ. ಸುಮ್ಮನೆ ಸರಾಸರಿ ತೆಗೆದರೆ 4.25.

ಕೆಡುವ ಜಾಗಗಳು

ಲಾಗಿನ್ ಅವಧಿ ಮುಗಿದ ಮೇಲೆ ಪುಟ ತಿರುಗಿಸಿದರೆ ಫ್ಲಾಸ್ಕ್-ಲಾಗಿನ್ ಬಳಕೆದಾರರನ್ನು ಲಾಗಿನ್ ಪುಟಕ್ಕೆ ಅಟ್ಟುತ್ತದೆ. ಜೇಸನ್ ಕಾಯುತ್ತಿದ್ದ ಡೇಟಾಟೇಬಲ್ಸ್‌ಗೆ ಎಚ್‌ಟಿಎಂಎಲ್ ಸಿಕ್ಕಿ, ‘ಇನ್‌ವ್ಯಾಲಿಡ್ ಜೇಸನ್ ರೆಸ್ಪಾನ್ಸ್’ ಎಂಬ ಪೆಟ್ಟಿಗೆ ಎದ್ದು ಕೂರುತ್ತದೆ. ಡೇಟಾ ಕೊಡುವ ರೂಟಿಗೆ ‘ಅನ್‌ಆಥರೈಸ್ಡ್_ಹ್ಯಾಂಡ್ಲರ್’ನಲ್ಲಿ 401 ಕೊಡಿ. ಡೇಟಾಟೇಬಲ್ಸ್‌ನ ‘ಎರ್‌ಮೋಡ್’ನ್ನು ‘ನನ್’ ಮಾಡಿ, ‘ಮತ್ತೆ ಲಾಗಿನ್ ಆಗಿ’ ಎಂದು ಕನ್ನಡದಲ್ಲೇ ತಿಳಿಸಿ.

ಬ್ಯಾಂಕ್ ಖಾತೆ ಸಂಖ್ಯೆಯಂಥ ಕಾಲಮನ್ನು ‘ವಿಸಿಬಲ್ ಫಾಲ್ಸ್’ ಮಾಡಿದರೆ ಅದು ಕಾಣುವುದಿಲ್ಲ ಅಷ್ಟೇ, ಜೇಸನ್‌ನಲ್ಲಿ ಇದ್ದೇ ಇರುತ್ತದೆ. ಆಬ್ಜೆಕ್ಟನ್ನು ಸಾರಾಸಗಟಾಗಿ ಡಿಕ್ಷನರಿ ಮಾಡದೆ ಬೇಕಾದ ಒಂಬತ್ತು ಹೆಸರುಗಳನ್ನು ಬಿಡಿಬಿಡಿಯಾಗಿ ಬರೆಯಿರಿ. ಜಿಂಜಾ ಅಪಾಯದ ಅಕ್ಷರಗಳನ್ನು ತಾನಾಗಿ ಎಸ್ಕೇಪ್ ಮಾಡುತ್ತಿತ್ತು, ಜೇಸನ್ ದಾರಿಯಲ್ಲಿ ಆ ಕಾವಲು ಇಲ್ಲ. ಡೇಟಾಟೇಬಲ್ಸ್ ಸೆಲ್‌ನ ಪಠ್ಯವನ್ನು ಎಚ್‌ಟಿಎಂಎಲ್ ಆಗಿಯೇ ತುರುಕುತ್ತದೆ. ಹೆಸರು, ಷರಾ ಕಾಲಂಗಳಿಗೆ ‘ರೆಂಡರ್ ಟೆಕ್ಸ್ಟ್’ ಕಡ್ಡಾಯ.

ತಿದ್ದುವುದು, ಇಳಿಸುವುದು

ಸೆಲ್‌ನ ಮೇಲೆ ಒತ್ತಿ ಅಲ್ಲೇ ತಿದ್ದುವ ಸೌಕರ್ಯ ಡೇಟಾಟೇಬಲ್ಸ್‌ನಲ್ಲಿ ಹಣ ಕೊಟ್ಟು ಕೊಳ್ಳುವ ‘ಎಡಿಟರ್’ ಭಾಗದಲ್ಲಿದೆ. ಉಚಿತವಾಗಿ ಬೇಕೆಂದರೆ ಟ್ಯಾಬ್ಯುಲೇಟರ್ ಲೈಬ್ರರಿ ಇದೆ. ಆದರೆ ಈ ಲೆಕ್ಕಕ್ಕೆ ಆ ಸೌಕರ್ಯವೇ ಬೇಡ ಎನ್ನುತ್ತೇನೆ. ಇದು ಜನರಿಗೆ ಹಣ ಕೊಡುವ ಪುಸ್ತಕ. ಫೋನಿನಲ್ಲಿ ಬೆರಳು ತಾಗಿ 4.2 ಫ್ಯಾಟ್ 2.4 ಆಗಬಾರದು. ಸಾಲಿನ ಕೊನೆಗೆ ‘ತಿದ್ದುಪಡಿ’ ಗುಂಡಿ ಇಟ್ಟು ಸಣ್ಣ ಫಾರಂ ತೆರೆಯಿರಿ. ಹಳೆಯ ನಮೂದು, ಹೊಸ ನಮೂದು, ಕಾರಣ, ತಿದ್ದಿದವರು, ತಿದ್ದಿದ ಸಮಯ ಇಷ್ಟನ್ನು ಬೇರೆ ಟೇಬಲ್‌ನಲ್ಲಿ ದಾಖಲಿಸಿ. ಬಟವಾಡೆ ಮುಗಿದ ಅವಧಿಯ ಸಾಲುಗಳಿಗೆ ಸರ್ವರ್ ಒಪ್ಪಲೇಬಾರದು, ಗುಂಡಿಯನ್ನು ಮರೆಮಾಡಿದರಷ್ಟೇ ಸಾಲದು. ಇಬ್ಬರು ಒಟ್ಟಿಗೆ ತಿದ್ದಿದಾಗ ಒಬ್ಬರದು ಅಳಿಸಿಹೋಗದಂತೆ ಎಸ್‌ಕ್ಯೂಎಲ್‌ಆಲ್ಕೆಮಿಯ ‘ವರ್ಶನ್_ಐಡಿ_ಕಾಲ್’ ಬಳಸಿ. ಆವೃತ್ತಿಯ ಸಂಖ್ಯೆ ಫಾರಂನಲ್ಲೂ ಹೋಗಿ ಬರಲಿ, ಹೊಂದದಿದ್ದರೆ 409 ಕೊಟ್ಟು ಹೊಸ ಸಾಲನ್ನು ತೋರಿಸಿ. ಉಳಿಸಿದ ಮೇಲೆ ‘ರೀಲೋಡ್’ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ ‘ಫಾಲ್ಸ್’ ಕೊಡಿ. ಇಲ್ಲವಾದರೆ ಟೇಬಲ್ ಮೊದಲ ಪುಟಕ್ಕೆ ಜಿಗಿದು, ತಿದ್ದಿದ ಸಾಲನ್ನು ಮತ್ತೆ ಹುಡುಕಬೇಕಾಗುತ್ತದೆ.

ಎಕ್ಸೆಲ್ ಗುಂಡಿಯೂ ಸರ್ವರಿನಿಂದಲೇ ಬರಲಿ. ಡೇಟಾಟೇಬಲ್ಸ್ ಜೊತೆಗೆ ಬರುವ ಗುಂಡಿ ಬ್ರೌಸರಿನಲ್ಲಿರುವ 50 ಸಾಲನ್ನಷ್ಟೇ ಇಳಿಸುತ್ತದೆ. ಈಗಿನ ಫಿಲ್ಟರುಗಳನ್ನೇ ಇನ್ನೊಂದು ರೂಟಿಗೆ ಕಳುಹಿಸಿ, ಅಲ್ಲಿ ಜನರೇಟರ್ ಮೂಲಕ ಸಾಲುಸಾಲಾಗಿ ಸಿಎಸ್‌ವಿ ಹರಿಸಿ. ಕಡತದ ಆರಂಭದಲ್ಲಿ ಯುಟಿಎಫ್-8ರ ಗುರುತು ಒಂದೇ ಒಂದು ಸಲ ಇರಬೇಕು, ಅದಿಲ್ಲದ ಕಡತವನ್ನು ಎಕ್ಸೆಲ್‌ನಲ್ಲಿ ಎರಡು ಸಲ ಒತ್ತಿ ತೆರೆದರೆ ಕನ್ನಡ ಚೆಲ್ಲಾಪಿಲ್ಲಿಯಾಗುತ್ತದೆ. ಒಟ್ಟಿಗೆ ಬರೆಯುವ ಕಡತವಾದರೆ ‘ಯುಟಿಎಫ್-8-ಸಿಗ್’ ಎನ್‌ಕೋಡಿಂಗ್ ಕೊಟ್ಟರೆ ಸಾಕು. ಹರಿಸುವಾಗ ಪ್ರತಿ ತುಂಡಿಗೂ ಅದನ್ನು ಬಳಸಬೇಡಿ, ಗುರುತು ಪ್ರತಿ ಸಾಲಿನಲ್ಲೂ ನುಸುಳುತ್ತದೆ. ಸಮಚಿಹ್ನೆ, ಕೂಡುಚಿಹ್ನೆ, ಕಳೆಯುವ ಚಿಹ್ನೆ ಅಥವಾ ‘ಅಟ್’ ಚಿಹ್ನೆಯಿಂದ ಶುರುವಾಗುವ ಷರಾಗಳ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ, ಇಲ್ಲದಿದ್ದರೆ ಎಕ್ಸೆಲ್ ಅದನ್ನು ಸೂತ್ರವೆಂದು ಓಡಿಸುತ್ತದೆ. ಎಕ್ಸೆಲ್ ಹಾಳೆಯ ಮಿತಿ 10,48,576 ಸಾಲು. ನಿಮ್ಮ ಸಂಘಕ್ಕೆ ಅಷ್ಟು ತುಂಬಲು ಈ ಲೆಕ್ಕದಲ್ಲಿ ಸುಮಾರು ಹನ್ನೊಂದೂವರೆ ವರ್ಷ ಬೇಕು. ಆದರೂ ದಿನಾಂಕದ ವ್ಯಾಪ್ತಿ ಆರಿಸದೆ ಗುಂಡಿ ಒತ್ತಲು ಬಿಡಬೇಡಿ, ಕಾರ್ಯದರ್ಶಿಗಳಿಗೆ ಬೇಕಿರುವುದು ಸಾಮಾನ್ಯವಾಗಿ ಒಂದು ಬಟವಾಡೆಯ ಅವಧಿ ಮಾತ್ರ.